ಆರೋಗ್ಯದ ಪಂಕ್ತಿಯಲ್ಲಿ ತೈವಾನಿಗೆ ಮಣೆಯೇಕಿಲ್ಲ?

ಪ್ರತಿವರ್ಷ ಮೇ ತಿಂಗಳಲ್ಲಿ ಜಿನೀವಾ ನಗರದಲ್ಲಿ ವಿಶ್ವ ಆರೋಗ್ಯ ಸಭೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಅಲ್ಲಿ ಕೂಡಿ, ಯಾವ ರೋಗ ಎಲ್ಲಿ ಹಬ್ಬುತ್ತಿದೆ, ಅದನ್ನು ತಡೆಯುವ ಬಗೆ ಏನು, ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕು ಎಂದು ತೀರ್ಮಾನಿಸುತ್ತಾರೆ. ಸಭೆಯ ಆರಂಭದಲ್ಲೇ ಸಾಮಾನ್ಯವಾಗಿ ಒಂದು ಶಾಸ್ತ್ರ ನಡೆಯುತ್ತದೆ. ತೈವಾನನ್ನು ವೀಕ್ಷಕನಾಗಿ ಕರೆಯಬೇಕೆಂದು ಕೆಲವು ಸಣ್ಣ ರಾಷ್ಟ್ರಗಳು ಸೂಚನೆ ಮಂಡಿಸುತ್ತವೆ. ಪರವಾಗಿ ಇಬ್ಬರು, ವಿರೋಧವಾಗಿ ಇಬ್ಬರು ಮಾತನಾಡುತ್ತಾರೆ. ಸೂಚನೆ ಕಾರ್ಯಕಲಾಪದ ಪಟ್ಟಿಗೇ ಸೇರದೆ ಬಿದ್ದುಹೋಗುತ್ತದೆ. ೨೦೧೭ರಿಂದ ೨೦೨೫ರವರೆಗೆ ಒಂದು ವರ್ಷವಾದರೂ ತೈವಾನಿಗೆ ಕರೆ ಹೋಗಲಿಲ್ಲ.

ಊರ ಉಸಾಬರಿ ನಮಗೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಗಿರಣಿಯ ಪಾಳಿ, ಬೋನಸ್ಸಿನ ತಕರಾರು, ಅಂಗಡಿಯ ಬಾಡಿಗೆ, ತೆರಿಗೆಯ ಕಾಟ ಇಷ್ಟೆಲ್ಲ ಇರುವಾಗ ಸಮುದ್ರದಾಚೆಯ ದ್ವೀಪವೊಂದರ ಚಿಂತೆ ಏತಕ್ಕೆ? ಈ ಪ್ರಶ್ನೆಗೆ ನಮ್ಮ ಕಲಬುರಗಿಯೇ ಉತ್ತರ ಕೊಟ್ಟಿದೆ. ೨೦೧೯ರ ಡಿಸೆಂಬರಿನಲ್ಲಿ ಚೀನದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ರೋಗ ೨೦೨೦ರ ಮಾರ್ಚಿನಲ್ಲಿ ಕಲಬುರಗಿಯ ವೃದ್ಧರೊಬ್ಬರನ್ನು ಬಲಿ ತೆಗೆದುಕೊಂಡಿತು. ಭಾರತದ ಮೊಟ್ಟಮೊದಲ ಕೋವಿಡ್ ಸಾವು ಅದು. ಎರಡು ವಾರ ಕಳೆಯುವುದರೊಳಗೆ ದೇಶಕ್ಕೆ ದೇಶವೇ ಕದ ಇಕ್ಕಿತು. ಗಿರಣಿಗಳ ಸದ್ದಡಗಿತು. ಅಂಗಡಿಯಲ್ಲಿ ಸರಕು ಕೊಳೆಯಿತು. ಕೂಲಿಕಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ನೂರಾರು ಮೈಲಿ ನಡೆದರು. ನಮ್ಮ ಹಿರಿಯರ ಕಾಲದಲ್ಲಿಯೂ ಹೀಗೆಯೇ ಆಗಿತ್ತು. ೧೮೯೮ರಲ್ಲಿ ಪ್ಲೇಗು ರೈಲು ಹತ್ತಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದಿಳಿಯಿತು. ರೋಗಕ್ಕೆ ರಹದಾರಿ ಬೇಕಿಲ್ಲ. ಅದು ಗಡಿಯ ಕಾವಲುಗಾರನನ್ನು ಕೇಳಿ ಬರುವುದಿಲ್ಲ, ಯಾವ ಸರಕಾರಕ್ಕೆ ಯಾರ ಮನ್ನಣೆ ಉಂಟು ಎಂದು ವಿಚಾರಿಸುವುದೂ ಇಲ್ಲ. ಹಾಗಿದ್ದ ಮೇಲೆ, ರೋಗದ ಸುದ್ದಿ ಹಂಚಿಕೊಳ್ಳುವ ಜಾಗದಿಂದ ಎರಡು ಕೋಟಿ ಮೂವತ್ತು ಲಕ್ಷ ಜನರನ್ನು ಹೊರಗೆ ನಿಲ್ಲಿಸಿದರೆ ಅದರ ನಷ್ಟ ಅವರಿಗೆ ಮಾತ್ರವೇ ಅಲ್ಲ, ನಮಗೂ ಉಂಟು.

ತೈವಾನ್ ಎಂದರೆ ಏನು?

ಚೀನದ ಕರಾವಳಿಯ ಎದುರಿಗೆ ಇರುವ ದ್ವೀಪ ತೈವಾನ್. ವಿಸ್ತೀರ್ಣ ಸುಮಾರು ೩೬,೦೦೦ ಚದರ ಕಿಲೋಮೀಟರು. ಕರ್ನಾಟಕದ ಐದನೆಯ ಒಂದು ಪಾಲಿಗಿಂತ ಕಡಮೆ. ೧೮೯೫ರಿಂದ ೧೯೪೫ರವರೆಗೆ ಐವತ್ತು ವರ್ಷ ಅದು ಜಪಾನಿನ ವಸಾಹತಾಗಿತ್ತು. ಮಹಾಯುದ್ಧದಲ್ಲಿ ಜಪಾನು ಸೋತ ಮೇಲೆ ಚಿಯಾಂಗ್ ಕೈ ಷೇಕನ ಸೇನೆ ಬಂದಿತು. ೧೯೪೭ರ ಫೆಬ್ರುವರಿ ೨೮ರಂದು ಎದ್ದ ಜನರ ಪ್ರತಿಭಟನೆಯನ್ನು ಆ ಸೇನೆ ರಕ್ತದಲ್ಲಿ ಮುಳುಗಿಸಿತು. ಸಾವಿರಾರು ಜನ ಸತ್ತರು. ೧೯೪೯ರಲ್ಲಿ ಮಾವೋ ನಾಯಕತ್ವದ ಕಮ್ಯುನಿಸ್ಟರು ಚೀನದ ನೆಲವನ್ನೆಲ್ಲ ಗೆದ್ದುಕೊಂಡಾಗ ಚಿಯಾಂಗ್ ತನ್ನ ಸರಕಾರ, ಸೇನೆ, ಬೊಕ್ಕಸ ಎಲ್ಲವನ್ನೂ ಹೊತ್ತುಕೊಂಡು ತೈವಾನಿಗೆ ಓಡಿಹೋದನು. ಅಲ್ಲಿ ೧೯೮೭ರವರೆಗೆ, ಎಂದರೆ ಮೂವತ್ತೆಂಟು ವರ್ಷಗಳ ಕಾಲ, ಸೈನಿಕ ಕಾಯಿದೆ ಜಾರಿಯಲ್ಲಿತ್ತು. ಸಂಘ ಕಟ್ಟಿದವನು, ಪತ್ರಿಕೆ ನಡೆಸಿದವನು, ಬಾಯಿ ಬಿಟ್ಟವನು ಸೆರೆಮನೆಗೆ ಹೋಗುತ್ತಿದ್ದ ಕಾಲ ಅದು. ಅಂಥ ಆಡಳಿತದ ಮೇಲೆ ನಮಗೆ ಎಳ್ಳಷ್ಟೂ ಮಮತೆ ಇಲ್ಲ.

ಆದರೆ ತೈವಾನಿನ ಜನ ಅಲ್ಲಿಗೇ ನಿಲ್ಲಲಿಲ್ಲ. ಹೋರಾಡಿ, ಜೈಲು ಕಂಡು, ಸೈನಿಕ ಕಾಯಿದೆಯನ್ನು ತೆಗೆಸಿದರು. ೧೯೯೬ರಲ್ಲಿ ಮೊದಲ ಬಾರಿಗೆ ತಮ್ಮ ಅಧ್ಯಕ್ಷನನ್ನು ನೇರವಾಗಿ ಆರಿಸಿದರು. ಅಲ್ಲಿಂದೀಚೆಗೆ ಅಧಿಕಾರ ಒಂದು ಪಕ್ಷದಿಂದ ಮತ್ತೊಂದು ಪಕ್ಷಕ್ಕೆ ಮತಪೆಟ್ಟಿಗೆಯ ಮೂಲಕವೇ ಹೋಗಿದೆ, ಬಂದಿದೆ. ೧೯೯೫ರಲ್ಲಿ ಅವರು ಇಡೀ ಜನತೆಗೆ ಒಂದೇ ಆರೋಗ್ಯ ವಿಮೆಯನ್ನು ತಂದರು. ನಮ್ಮಲ್ಲಿ ಇ.ಎಸ್.ಐ. ಚೀಟಿ ಇದ್ದವನಿಗೆ ಒಂದು ಬಾಗಿಲು, ಇಲ್ಲದವನಿಗೆ ಒಂದು ಬಾಗಿಲು, ಹಣವಂತನಿಗೆ ಮೂರನೆಯ ಬಾಗಿಲು. ಅಲ್ಲಿ ಗಿರಣಿಯ ಒಡೆಯನಿಗೂ ಕಸ ಗುಡಿಸುವವಳಿಗೂ ಒಂದೇ ಬಗೆಯ ಚೀಟಿ. ನೂರಕ್ಕೆ ತೊಂಬತ್ತೊಂಬತ್ತು ಜನ ಅದರೊಳಗೆ ಬರುತ್ತಾರೆ. ಸಮಾಜವಾದದ ಮಾತನ್ನು ಹಗಲೂ ರಾತ್ರಿ ಆಡುವ ಎಷ್ಟೋ ಸರಕಾರಗಳು ಮಾಡದ ಕೆಲಸವನ್ನು ಈ ದ್ವೀಪ ಮಾಡಿ ತೋರಿಸಿದೆ. ಆರೋಗ್ಯದ ಮಾತು ನಡೆಯುವಾಗ ಇಂಥವರು ಹೊರಗೆ ನಿಲ್ಲಬೇಕೆ?

ಬಾಗಿಲು ಮುಚ್ಚಿದ ಕಥೆ

ಚೀನದ ನೆಲದಿಂದ ಓಡಿಹೋದ ಮೇಲೂ ಚಿಯಾಂಗನ ಸರಕಾರ ಇಡೀ ಚೀನ ತನ್ನದೆಂದೇ ಸಾಧಿಸುತ್ತಿತ್ತು. ಅಮೆರಿಕದ ಬೆಂಬಲದಿಂದ ವಿಶ್ವಸಂಸ್ಥೆಯಲ್ಲಿ ಚೀನದ ಪೀಠದ ಮೇಲೆ ಇಪ್ಪತ್ತೆರಡು ವರ್ಷ ಅದೇ ಕುಳಿತಿತು. ಕೋಟಿಗಟ್ಟಲೆ ಚೀನೀಯರನ್ನು ನಿಜವಾಗಿ ಆಳುತ್ತಿದ್ದ ಬೀಜಿಂಗ್ ಸರಕಾರಕ್ಕೆ ಬಾಗಿಲು ಮುಚ್ಚಿತ್ತು.

ಅದು ಅನ್ಯಾಯವೆಂದು ಮೊದಲು ಕೂಗಿ ಹೇಳಿದವರಲ್ಲಿ ಭಾರತವೂ ಒಂದು. ೧೯೫೦ರ ಸೆಪ್ಟೆಂಬರಿನಲ್ಲಿ ಬೀಜಿಂಗ್ ಸರಕಾರಕ್ಕೆ ಪೀಠ ಕೊಡಬೇಕೆಂಬ ನಿರ್ಣಯವನ್ನು ಸಾಮಾನ್ಯ ಸಭೆಯ ಮುಂದಿಟ್ಟದ್ದು ಭಾರತ. ಆಗ ವಿಶ್ವಸಂಸ್ಥೆಯಲ್ಲಿ ನಮ್ಮ ದೇಶದ ಪ್ರತಿನಿಧಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ನಿರ್ಣಯಕ್ಕೆ ಪರವಾಗಿ ೧೬, ವಿರೋಧವಾಗಿ ೩೩ ಮತ ಬಿದ್ದವು. ಭಾರತ ಸೋತಿತು, ಆದರೆ ಮಾತು ಬಿಡಲಿಲ್ಲ. ೧೯೬೨ರ ಅಕ್ಟೋಬರಿನಲ್ಲಿ ಚೀನದ ಸೇನೆ ನಮ್ಮ ಗಡಿಯೊಳಕ್ಕೆ ನುಗ್ಗಿ ನಮ್ಮ ಸೈನಿಕರು ಹಿಮದಲ್ಲಿ ಸಾಯುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ ಈ ಪ್ರಶ್ನೆ ಮತಕ್ಕೆ ಬಂದಾಗಲೂ ಭಾರತ ಬೀಜಿಂಗಿನ ಪೀಠದ ಪರವಾಗಿಯೇ ಮತ ಹಾಕಿತು. ಹಾಗೆ ಮಾಡಿದ್ದು ಚೀನದ ಮೇಲಿನ ಪ್ರೀತಿಯಿಂದಲ್ಲ. ಯಾವ ನೆಲವನ್ನು ಯಾರು ನಿಜವಾಗಿ ಆಳುತ್ತಾರೆಯೋ ಆ ನೆಲದ ಜನರ ಪರವಾಗಿ ಅವರೇ ಮಾತನಾಡಬೇಕು, ಸುಳ್ಳು ಹಕ್ಕುದಾರನನ್ನು ಪೀಠದಲ್ಲಿ ಕೂರಿಸಿದರೆ ವಿಶ್ವಸಂಸ್ಥೆಯೇ ಸುಳ್ಳಾಗುತ್ತದೆ ಎಂಬುದು ಆ ಮತದ ಹಿಂದಿನ ತತ್ವ.

ಕೊನೆಗೆ ೧೯೭೧ರ ಅಕ್ಟೋಬರ್ ೨೫ರಂದು ಸಾಮಾನ್ಯ ಸಭೆ ೨೭೫೮ನೆಯ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ ೭೬, ವಿರೋಧವಾಗಿ ೩೫ ಮತ, ತಟಸ್ಥರು ೧೭. ಭಾರತ ಪರವಾಗಿ ನಿಂತಿತು. ಚೀನದ ಪೀಠ ಬೀಜಿಂಗಿಗೆ ದೊರೆಯಿತು, ಚಿಯಾಂಗನ ಪ್ರತಿನಿಧಿಗಳು ಹೊರಬಿದ್ದರು. ಮರುವರ್ಷ ವಿಶ್ವ ಆರೋಗ್ಯ ಸಭೆಯೂ ಅದೇ ದಾರಿ ಹಿಡಿಯಿತು. ಅಂದು ಆದದ್ದು ನ್ಯಾಯವೇ. ಒಂದು ಸುಳ್ಳು ಕೊನೆಗೊಂಡಿತು.

ಆದರೆ ಆ ಸುಳ್ಳಿನ ಜಾಗದಲ್ಲಿ ಇನ್ನೊಂದು ಸುಳ್ಳು ಬಂದು ಕುಳಿತಿದೆ. ತೈವಾನಿನ ಜನರ ಪರವಾಗಿಯೂ ತಾನೇ ಮಾತನಾಡುವುದಾಗಿ ಬೀಜಿಂಗ್ ಹೇಳುತ್ತದೆ. ೧೯೪೯ರಲ್ಲಿ ಸ್ಥಾಪಿತವಾದ ಆ ಸರಕಾರ ತೈವಾನನ್ನು ಒಂದೇ ಒಂದು ದಿನವೂ ಆಳಿಲ್ಲ. ಅಲ್ಲಿ ಒಂದು ಆಸ್ಪತ್ರೆ ಕಟ್ಟಿಲ್ಲ, ಒಂದು ಮಗುವಿಗೆ ಲಸಿಕೆ ಹಾಕಿಲ್ಲ. ಅಲ್ಲಿನ ಒಬ್ಬ ಮತದಾರನೂ ಅದಕ್ಕೆ ಮತ ಕೊಟ್ಟಿಲ್ಲ. ಚಿಯಾಂಗ್ ಚೀನದ ಪರವಾಗಿ ಮಾತನಾಡುವುದು ತಪ್ಪಾಗಿದ್ದರೆ ಬೀಜಿಂಗ್ ತೈವಾನಿನ ಪರವಾಗಿ ಮಾತನಾಡುವುದು ಹೇಗೆ ಸರಿಯಾದೀತು? ತಕ್ಕಡಿ ಒಂದೇ, ತೂಕದ ಕಲ್ಲೂ ಒಂದೇ ಇರಬೇಕು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಟ್ಟುಕೊಂಡ ಅಂಗಡಿಗೆ ಗಿರಾಕಿ ಮತ್ತೆ ಹೋಗುತ್ತಾನೆಯೆ?

ರೋಗ ಬಂದಾಗ ಆದದ್ದು

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದು ೨೦೦೩ರಲ್ಲಿ ತಿಳಿಯಿತು. ಆ ವರ್ಷ ಸಾರ್ಸ್ ಎಂಬ ಹೊಸ ಶ್ವಾಸರೋಗ ಚೀನದಿಂದ ಹರಡಿತು. ಮಾರ್ಚಿನಲ್ಲಿ ತೈವಾನಿನಲ್ಲಿ ಮೊದಲ ರೋಗಿ ಕಂಡುಬಂದ. ತೈವಾನ್ ಸಹಾಯ ಕೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಆ ನೆಲಕ್ಕೆ ಕಾಲಿಟ್ಟದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ರಾಜಧಾನಿ ತೈಪೆಯ ಹೋಪಿಂಗ್ ಆಸ್ಪತ್ರೆಯಲ್ಲಿ ರೋಗ ಹಬ್ಬಿ, ಏಪ್ರಿಲ್ ೨೪ರಂದು ಸರಕಾರ ಆ ಆಸ್ಪತ್ರೆಯ ಬಾಗಿಲುಗಳನ್ನೇ ಮುಚ್ಚಿಸಿತ್ತು. ಒಳಗೆ ರೋಗಿಗಳು, ವೈದ್ಯರು, ದಾದಿಯರು, ಕೂಲಿಯಾಳುಗಳು ಸೇರಿ ಸಾವಿರಕ್ಕೂ ಹೆಚ್ಚು ಜನ. ಆ ಆಸ್ಪತ್ರೆಯಲ್ಲಿ ಮೊದಮೊದಲು ರೋಗಕ್ಕೆ ಸಿಕ್ಕಿದವರಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸಗಾರನೊಬ್ಬನಿದ್ದ. ಎಲ್ಲ ಕಡೆಯೂ ಹೀಗೆಯೇ. ದೊಡ್ಡವರ ಜಗಳದಲ್ಲಿ ಸುದ್ದಿ ತಡವಾದರೆ ಮೊದಲು ಸಾಯುವವನು ಮೈಲಿಗೆ ಬಟ್ಟೆ ಮುಟ್ಟುವವನು. ದ್ವೀಪದಲ್ಲಿ ಒಟ್ಟು ೩೪೬ ಜನರಿಗೆ ರೋಗ ತಗುಲಿತೆಂದು ಲೆಕ್ಕ.

ಆ ಪೆಟ್ಟಿನಿಂದ ತೈವಾನ್ ಪಾಠ ಕಲಿಯಿತು. ೨೦೧೯ರ ಡಿಸೆಂಬರ್ ೩೧ರಂದು, ವುಹಾನಿನಲ್ಲಿ ಏಳು ಮಂದಿಗಾದರೂ ವಿಚಿತ್ರ ನ್ಯುಮೋನಿಯ ಬಂದಿದೆಯೆಂದು ಸುದ್ದಿ ಇದೆ, ರೋಗಿಗಳನ್ನು ಪ್ರತ್ಯೇಕವಾಗಿ ಇರಿಸಲಾಗಿದೆ, ವಿವರ ತಿಳಿಸಿರಿ ಎಂದು ತೈವಾನಿನ ಆರೋಗ್ಯಾಧಿಕಾರಿಗಳು ವಿಶ್ವ ಆರೋಗ್ಯ ಸಂಸ್ಥೆಗೆ ಬರೆದರು. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ ಎಂಬ ಮಾತು ಆ ಪತ್ರದಲ್ಲಿ ಇರಲಿಲ್ಲ ಎಂದು ಸಂಸ್ಥೆ ಆಮೇಲೆ ವಾದಿಸಿತು. ಆ ಶಬ್ದಗಳು ಅದರಲ್ಲಿ ಇರಲಿಲ್ಲವೆಂಬುದು ನಿಜ. ಪ್ರತ್ಯೇಕವಾಗಿ ಇರಿಸಿದ್ದಾರೆ ಎಂದರೆ ವೈದ್ಯನಾದವನಿಗೆ ಅರ್ಥವಾಗಬೇಕಲ್ಲವೆ ಎಂಬುದು ತೈವಾನಿನ ಮರುಪ್ರಶ್ನೆ. ಈ ತಕರಾರಿನಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ನಮಗೆ ಮುಖ್ಯವಾದದ್ದು ಬೇರೆ. ಕೇಳಿದವನು ಸಭೆಯಲ್ಲಿ ಕುಳಿತವನಾಗಿದ್ದರೆ ಎದ್ದು ನಿಂತು ಮತ್ತೊಮ್ಮೆ ಕೇಳಬಹುದಾಗಿತ್ತು. ಎಲ್ಲ ರಾಷ್ಟ್ರಗಳ ಕಿವಿಗೂ ಆ ಪ್ರಶ್ನೆ ಬೀಳುತ್ತಿತ್ತು. ಹೊರಗೆ ನಿಂತವನಿಗೆ ಬರೆದು ಹಾಕಿದ ಪತ್ರದ ಉತ್ತರಕ್ಕಾಗಿ ಕಾಯುವುದಷ್ಟೇ ಗತಿ.

ತೈವಾನ್ ಕಾಯಲಿಲ್ಲ. ಅದೇ ದಿನ ವುಹಾನಿನಿಂದ ಬಂದ ವಿಮಾನಗಳನ್ನು ಹತ್ತಿ ಪ್ರಯಾಣಿಕರನ್ನು ಪರೀಕ್ಷಿಸತೊಡಗಿತು. ೨೦೨೦ರ ಫೆಬ್ರುವರಿಯಲ್ಲಿ ಮುಖಗವಸುಗಳಿಗೆ ಪಡಿತರ ತಂದಿತು. ಆರೋಗ್ಯ ವಿಮೆಯ ಚೀಟಿ ತೋರಿಸಿದವನಿಗೆ ಸಣ್ಣ ಸಣ್ಣ ಔಷಧಿ ಅಂಗಡಿಗಳಲ್ಲಿ ನಿಗದಿಯಾದ ಬೆಲೆಗೆ ಗವಸು ದೊರೆಯಿತು. ಕಾಳಸಂತೆಗೆ ಅವಕಾಶವೇ ಉಳಿಯಲಿಲ್ಲ. ನಮ್ಮ ಕಡೆ ಆ ತಿಂಗಳುಗಳಲ್ಲಿ ಒಂದು ಗವಸಿಗೆ, ಒಂದು ಸೀಸೆ ಔಷಧಿಗೆ ಎಷ್ಟೆಷ್ಟು ತೆತ್ತೆವೆಂಬುದು ಯಾರಿಗೂ ಮರೆತಿರಲಾರದು. ೨೦೨೦ನೆಯ ವರ್ಷವೆಲ್ಲ ತೈವಾನಿನಲ್ಲಿ ಕೋವಿಡಿನಿಂದ ಸತ್ತವರು ಏಳೇ ಮಂದಿ. ೨೦೨೨ರಲ್ಲಿ ಅಲ್ಲಿಯೂ ರೋಗ ಹಬ್ಬಿ ಸಾವಿರಾರು ಜನ ತೀರಿಕೊಂಡರು. ಅದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಲಸಿಕೆಯೇ ಇಲ್ಲದಿದ್ದ ಮೊದಲ ವರ್ಷದಲ್ಲಿ ಅವರು ಮಾಡಿದ ಕೆಲಸವನ್ನು ಜಗತ್ತು ಕೂತು ಕಲಿಯಬೇಕಾಗಿತ್ತು. ಆ ವರ್ಷದ ವಿಶ್ವ ಆರೋಗ್ಯ ಸಭೆಗೂ ಅವರಿಗೆ ಕರೆ ಬರಲಿಲ್ಲ.

ಇನ್ನೊಂದು ಸಂಗತಿ. ೨೦೨೧ರ ಮೇ ತಿಂಗಳ ಮೊದಲ ದಿನಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ಹಗಲು ರಾತ್ರಿಯೊಳಗೆ ೨೪ ರೋಗಿಗಳು ಸತ್ತರು. ಅದೇ ದಿನಗಳಲ್ಲಿ ತೈವಾನ್ ಭಾರತಕ್ಕೆ ೧೫೦ ಆಮ್ಲಜನಕ ಯಂತ್ರಗಳನ್ನೂ ೫೦೦ ಸಿಲಿಂಡರುಗಳನ್ನೂ ಕಳುಹಿಸಿತು. ನಮ್ಮ ಅಗಾಧವಾದ ಅಗತ್ಯಕ್ಕೆ ಅದು ಅತ್ಯಲ್ಪ. ಆದರೂ, ಉಸಿರಿಗಾಗಿ ನಾವು ಬಾಯಿಬಿಡುತ್ತಿದ್ದಾಗ ಭಾರತ ತನ್ನನ್ನು ಮನ್ನಿಸುತ್ತದೆಯೇ ಇಲ್ಲವೇ ಎಂದು ಅವರು ಕೇಳಲಿಲ್ಲ.

ಸರಕಿಗೆ ಸ್ವಾಗತ, ವೈದ್ಯನಿಗೆ ತಡೆ

ತೈವಾನ್ ರಾಷ್ಟ್ರವಲ್ಲ, ಆದುದರಿಂದ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಅದಕ್ಕೆ ಜಾಗವಿಲ್ಲ ಎನ್ನುವವರು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರ ಪಟ್ಟಿಯನ್ನು ತೆಗೆದು ನೋಡಲಿ. ೨೦೦೨ರ ಜನವರಿ ೧ರಿಂದ ತೈವಾನ್ ಅಲ್ಲಿ ಪೂರ್ಣ ಸದಸ್ಯ. ಹೆಸರನ್ನು ಮಾತ್ರ ಪ್ರತ್ಯೇಕ ಸುಂಕ ಪ್ರದೇಶ ಎಂದು ಉದ್ದವಾಗಿ ಬರೆದಿದ್ದಾರೆ. ಅದಕ್ಕೆ ಒಂದು ತಿಂಗಳೂ ಆಗಿರದ ಹಿಂದೆ ಸೇರಿದ ಚೀನವೂ ಅದೇ ಸಭೆಯಲ್ಲಿ ಕೂರುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲಿ ತೈವಾನ್ ೧೯೬೬ರಿಂದ ಮೂಲಸದಸ್ಯ. ವ್ಯಾಪಾರವೂ ಲೇವಾದೇವಿಯೂ ಆದಾಗ ಹೆಸರಿಗೆ ಒಂದು ಉಪಾಯ ಹುಡುಕಿ ಮಣೆ ಹಾಕಿದರು. ರೋಗಿಯ ಪ್ರಾಣದ ಮಾತು ಬಂದಾಗ ಉಪಾಯಗಳೆಲ್ಲ ಬತ್ತಿಹೋದವು! ಬಂಡವಾಳಕ್ಕೆ ಹೆಬ್ಬಾಗಿಲು ತೆರೆದಿದೆ, ವೈದ್ಯನಿಗೆ ಹಿತ್ತಿಲ ಬಾಗಿಲೂ ಇಲ್ಲ. ಈ ಪಂಕ್ತಿಭೇದದ ಅರ್ಥ ಗಿರಣಿಯ ಕೆಲಸಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾನು ನೇಯ್ದ ಬಟ್ಟೆ ಯಾವ ಮನೆಯೊಳಗೆ ಸಲೀಸಾಗಿ ಹೋಗುತ್ತದೆಯೋ ಆ ಮನೆಯ ಜಗಲಿಯನ್ನೂ ತಾನು ಹತ್ತಲಾಗದ ಊರುಗಳನ್ನು ಅವನು ಬಲ್ಲ.

ಕರ್ನಾಟಕಕ್ಕೂ ಈ ಮಾತು ಹೊರಗಿನದಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪೆನಿ ದೂರವಾಣಿ ಯಂತ್ರಗಳ ಕಾರ್ಖಾನೆ ನಡೆಸುತ್ತಿತ್ತು. ೨೦೨೦ರ ಡಿಸೆಂಬರಿನಲ್ಲಿ ಸಂಬಳದ ವಿಷಯಕ್ಕೆ ಅಲ್ಲಿನ ಕಾರ್ಮಿಕರು ರೊಚ್ಚಿಗೆದ್ದರು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಪಾವತಿಯಾಗಿರಲಿಲ್ಲವೆಂದು ಕಂಪೆನಿಯೇ ಒಪ್ಪಿಕೊಂಡಿತು. ೨೦೨೩ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಗೆ ಬಂದಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಎಂಬ ಮತ್ತೊಂದು ತೈವಾನ್ ಕಂಪೆನಿ ಬೃಹತ್ ಕಾರ್ಖಾನೆ ಕಟ್ಟಿದೆ. ಆ ಬಂಡವಾಳಗಾರರ ವಕಾಲತ್ತು ನಮ್ಮದಲ್ಲ. ಅವರಿಗೆ ನಮ್ಮ ವಕಾಲತ್ತಿನ ಅವಶ್ಯಕತೆಯೂ ಇಲ್ಲ. ಮನ್ನಣೆ ಇಲ್ಲದೆಯೇ ಅವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ನಾವು ಮಾತನಾಡುತ್ತಿರುವುದು ಆ ಕಂಪೆನಿಗಳ ಹಣ ಹೋಗುವ ಕಡೆಗೆಲ್ಲ ಹೋಗಲಾರದ ತೈವಾನಿನ ದಾದಿ, ವೈದ್ಯ, ಕೂಲಿಕಾರರ ಪರವಾಗಿ. ೨೦೨೪ರ ಫೆಬ್ರುವರಿಯಲ್ಲಿ ಭಾರತದ ಕಾರ್ಮಿಕರನ್ನು ತೈವಾನಿಗೆ ಕಳುಹಿಸುವ ಬಗ್ಗೆ ಎರಡೂ ಕಡೆಯವರು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ನಾಳೆ ನಮ್ಮ ಜಿಲ್ಲೆಯ ಹುಡುಗನೊಬ್ಬ ಅಲ್ಲಿನ ಕಾರ್ಖಾನೆಯಲ್ಲಿ ದುಡಿಯಬಹುದು. ಅವನು ಮಲಗುವ ಕೊಠಡಿಗೆ ರೋಗ ಬಂದರೆ ಅದರ ಸುದ್ದಿ ಜಿನೀವಾಕ್ಕೆ ಯಾವ ದಾರಿಯಿಂದ ಹೋಗಬೇಕು?

ಆಕ್ಷೇಪಣೆಗಳಿಗೆ ಉತ್ತರ

ಮೊದಲನೆಯ ಆಕ್ಷೇಪಣೆ, ೨೭೫೮ನೆಯ ನಿರ್ಣಯದಿಂದ ಈ ಪ್ರಶ್ನೆ ಮುಗಿದುಹೋಗಿದೆ ಎಂಬುದು. ಆ ನಿರ್ಣಯ ಚೀನದ ಪೀಠ ಯಾರದು ಎಂಬುದನ್ನು ತೀರ್ಮಾನಿಸಿತು. ಅದರಲ್ಲಿ ತೈವಾನ್ ಎಂಬ ಶಬ್ದವೇ ಇಲ್ಲ. ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿದೆ. ೨೦೦೯ರಿಂದ ೨೦೧೬ರವರೆಗೆ ಎಂಟು ವರ್ಷ ತೈವಾನ್ ವಿಶ್ವ ಆರೋಗ್ಯ ಸಭೆಯಲ್ಲಿ ಚೀನೀ ತೈಪೆ ಎಂಬ ಹೆಸರಿನಿಂದ ವೀಕ್ಷಕನಾಗಿ ಕುಳಿತಿತ್ತು. ನಿರ್ಣಯ ಆಗಲೂ ಅದೇ, ಈಗಲೂ ಅದೇ. ಬದಲಾದದ್ದು ತೈವಾನಿನ ಚುನಾವಣೆಯ ಫಲಿತಾಂಶ. ೨೦೦೮ರಲ್ಲಿ ಬೀಜಿಂಗಿಗೆ ಹಿತವಾದ ಪಕ್ಷ ಗೆದ್ದಿತು, ಬಾಗಿಲು ತೆರೆಯಿತು. ೨೦೧೬ರಲ್ಲಿ ಎದುರು ಪಕ್ಷ ಗೆದ್ದಿತು, ಮರುವರ್ಷ ಬಾಗಿಲು ಮುಚ್ಚಿತು. ಎಂದರೆ, ಇದು ಕಾಯಿದೆಯ ತೊಡಕಲ್ಲ. ಮತದಾರರಿಗೆ ವಿಧಿಸಿದ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಸರಕಾರದ ಮೇಲಿನ ಕೋಪವನ್ನು ರೋಗಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ಎರಡನೆಯದು, ವಿಶ್ವಸಂಸ್ಥೆಯ ಸದಸ್ಯನಲ್ಲದವನು ಆರೋಗ್ಯ ಸಂಸ್ಥೆಯ ಸದಸ್ಯನಾಗುವುದು ಹೇಗೆ ಎಂಬುದು. ಆರೋಗ್ಯ ಸಂಸ್ಥೆಯ ಸಂವಿಧಾನವೇ ಇದಕ್ಕೆ ದಾರಿ ಮಾಡಿದೆ. ವಿಶ್ವಸಂಸ್ಥೆಯಲ್ಲಿ ಇಲ್ಲದ ರಾಷ್ಟ್ರವನ್ನು ಆರೋಗ್ಯ ಸಭೆ ಸರಳ ಬಹುಮತದಿಂದ ಸೇರಿಸಿಕೊಳ್ಳಬಹುದು. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳೂ ನಿಯುವೆಯೂ ವಿಶ್ವಸಂಸ್ಥೆಯಲ್ಲಿಲ್ಲ, ಆರೋಗ್ಯ ಸಂಸ್ಥೆಯಲ್ಲಿವೆ. ನಿಯುವೆಯ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ನಮ್ಮ ಒಂದು ಹಳ್ಳಿಯಷ್ಟು ಜನಕ್ಕೆ ಮಣೆ ಉಂಟು, ಎರಡು ಕೋಟಿ ಮೂವತ್ತು ಲಕ್ಷ ಜನಕ್ಕೆ ಇಲ್ಲ. ವೀಕ್ಷಕರ ಸಾಲಿನಲ್ಲಿ ಪ್ಯಾಲೆಸ್ಟೈನ್ ಕೂರುತ್ತದೆ. ಅದು ಸರಿಯೇ, ಆ ಜನರ ಹಕ್ಕನ್ನು ಭಾರತ ೧೯೮೮ರಲ್ಲಿಯೇ ಮನ್ನಿಸಿತು. ಆ ಸಾಲಿನಲ್ಲಿ ಇನ್ನೊಂದು ಕುರ್ಚಿ ಹಾಕಿದರೆ ಸಭಾಂಗಣ ಕುಸಿಯುವುದಿಲ್ಲ.

ಮೂರನೆಯದು, ಹೀಗೆ ಮಾಡಿದರೆ ಚೀನದ ಏಕತೆಗೆ ಧಕ್ಕೆಯಾಗುತ್ತದೆ ಎಂಬುದು. ಎರಡು ಜರ್ಮನಿಗಳು ೧೯೭೩ರಲ್ಲಿ ಒಂದೇ ದಿನ ವಿಶ್ವಸಂಸ್ಥೆಯನ್ನು ಸೇರಿದವು. ೧೯೯೦ರಲ್ಲಿ ಅವು ಒಂದಾದವು. ಎರಡು ಪೀಠಗಳು ಅವುಗಳ ಕೂಡಿಕೆಗೆ ಅಡ್ಡ ಬರಲಿಲ್ಲ. ಎರಡು ಕೊರಿಯಗಳು ೧೯೯೧ರಿಂದ ಸದಸ್ಯರಾಗಿವೆ. ಉಕ್ರೇನ್ ಮತ್ತು ಬೈಲೋರಷ್ಯ ಸೋವಿಯೆಟ್ ಒಕ್ಕೂಟದ ಅಂಗಗಳಾಗಿದ್ದಾಗಲೇ ೧೯೪೫ರಲ್ಲಿ ವಿಶ್ವಸಂಸ್ಥೆಯ ಮೂಲಸದಸ್ಯರಾಗಿದ್ದವು. ಚೀನವೂ ತೈವಾನೂ ನಾಳೆ ಕೂಡಬೇಕೋ ಬೇರೆಯೇ ಇರಬೇಕೋ ಎಂಬುದನ್ನು ಆ ಜನ ಬಲಾತ್ಕಾರವಿಲ್ಲದೆ ತೀರ್ಮಾನಿಸಿಕೊಳ್ಳಲಿ. ಅದುವರೆಗೆ ಮಕ್ಕಳ ಲಸಿಕೆ ಕಾಯಬೇಕೆಂಬುದು ಯಾವ ನ್ಯಾಯ?

ನಾಲ್ಕನೆಯದು ನಮ್ಮ ಎಡಪಂಥದ ಮಿತ್ರರಲ್ಲಿ ಕೆಲವರ ಮಾತು. ತೈವಾನ್ ಅಮೆರಿಕದ ಕೈಗೊಂಬೆ, ಅದರ ಪರವಾಗಿ ಮಾತನಾಡಿದರೆ ಸಾಮ್ರಾಜ್ಯಶಾಹಿಗೆ ನೆರವಾದಂತೆ ಎನ್ನುತ್ತಾರೆ. ಅಮೆರಿಕದ ಚರಿತ್ರೆ ನಮಗೂ ಗೊತ್ತು. ಬೀಜಿಂಗನ್ನು ಇಪ್ಪತ್ತೆರಡು ವರ್ಷ ಹೊರಗೆ ತಡೆದದ್ದೂ ಅದೇ, ೧೯೭೯ರ ಜನವರಿ ೧ರಂದು ತೈವಾನಿನ ಕೈಬಿಟ್ಟು ಬೀಜಿಂಗಿಗೆ ಮನ್ನಣೆ ಕೊಟ್ಟದ್ದೂ ಅದೇ. ೨೦೨೫ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯನ್ನೇ ಬಿಟ್ಟುಹೋಗುವುದಾಗಿ ಘೋಷಿಸಿದ್ದೂ ಅದೇ. ಒಳಗೆ ಕೂರಬಹುದಾದವನು ಎದ್ದು ನಡೆಯುತ್ತಾನೆ, ಒಳಗೆ ಬಂದು ದುಡಿಯುತ್ತೇನೆಂಬವನು ಹೊಸ್ತಿಲಲ್ಲಿ ನಿಂತಿದ್ದಾನೆ. ದೊಡ್ಡ ಶಕ್ತಿಗಳ ಸ್ನೇಹವೂ ಹಗೆಯೂ ಲಾಭದ ಲೆಕ್ಕಾಚಾರ. ಸಮಾಜವಾದಿಗಳು ಎರಡೂ ಬಣಗಳಿಂದ ಸಮದೂರದಲ್ಲಿ ನಿಂತು ಜನರ ಕಡೆ ನೋಡಬೇಕು. ಒಂದು ನ್ಯಾಯವಾದ ಮಾತನ್ನು ಅಮೆ‍ರಿಕವೂ ಆಡಿತೆಂಬ ಕಾರಣಕ್ಕೆ ಅದು ಅನ್ಯಾಯವಾಗುವುದಿಲ್ಲ.

ಐದನೆಯದು ನಮ್ಮ ಸರಕಾರದ ಒಳಗಿನ ಅಂಜಿಕೆ. ತೈವಾನಿನ ಮಾತೆತ್ತಿದರೆ ಚೀನ ಗಡಿಯಲ್ಲಿ ಕೆಣಕೀತು, ಕಾಶ್ಮೀರದ ಮಾತೆತ್ತೀತು ಎಂಬುದು. ಎತ್ತದೆ ಬಿಟ್ಟಿದೆಯೆ? ಸುಮ್ಮನಿದ್ದವರಿಗೆ ೨೦೨೦ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ಬಂದ ಉತ್ತರ ಎಂಥದು? ಅಲ್ಲಿ ನಮ್ಮ ೨೦ ಮಂದಿ ಯೋಧರು ಪ್ರಾಣ ಕೊಟ್ಟರು. ಆರೋಗ್ಯ ಸಭೆಯ ಕುರ್ಚಿ ಯಾರ ಗಡಿಯನ್ನೂ ಗೀಚುವುದಿಲ್ಲ. ಅದು ರೋಗದ ಲೆಕ್ಕ ಒಪ್ಪಿಸುವ ಜಾಗ.

ಭಾರತದ ಕರ್ತವ್ಯ

ಕಾಯಿದೆಯ ಪ್ರಕಾರ ಪೂರ್ಣ ಸ್ವತಂತ್ರವಾದ ಮೇಲೆಯೇ ಅಂತರರಾಷ್ಟ್ರೀಯ ಸಂಸ್ಥೆಗೆ ಬರಬೇಕೆಂದು ಇತರರಿಗೆ ಹೇಳುವ ಹಕ್ಕು ಭಾರತಕ್ಕೆ ಎಲ್ಲರಿಗಿಂತ ಕಡಮೆ. ೧೯೪೫ರ ಜೂನ್ ೨೬ರಂದು ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಹೆಸರಿನಲ್ಲಿ ಸಹಿ ಬಿದ್ದಾಗ ನಾವು ಬ್ರಿಟಿಷರ ಆಳುಗಳಾಗಿದ್ದೆವು. ಸಹಿ ಹಾಕಿದ ನಿಯೋಗದ ಮುಖಂಡರು ಆರ್ಕಾಟ್ ರಾಮಸ್ವಾಮಿ ಮುದಲಿಯಾರರು. ಮರುವರ್ಷ ಅವರು ಮೈಸೂರಿನ ದಿವಾನರಾದರು. ೧೯೪೭ರ ಮೈಸೂರು ಚಲೋ ಚಳವಳಿಯಲ್ಲಿ ಬೀದಿ ಬೀದಿಯಲ್ಲಿ "ಆರ್ಕಾಟ್ ಬಾಯ್ಕಾಟ್" ಎಂದು ಜನ ಕೂಗಿದ್ದು ಅವರನ್ನೇ ಕುರಿತು. ನಮ್ಮ ಜನ ಆರಿಸದ, ನಮ್ಮ ಜನಕ್ಕೆ ಬೇಡವಾಗಿದ್ದ ವ್ಯಕ್ತಿ ಸಹಿ ಹಾಕಿದರೂ ಭಾರತಕ್ಕೆ ಪೀಠ ದೊರೆಯಿತು. ಅದೇ ಮುದಲಿಯಾರರು ೧೯೪೬ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಯ ಮೊದಲ ಅಧ್ಯಕ್ಷರಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವನ್ನು ಬರೆದ ಸಮ್ಮೇಳನವನ್ನು ಕರೆದದ್ದು ಆ ಮಂಡಲಿ. ಅವರ ಅವಳಿ ಸೋದರ, ವೈದ್ಯ ಲಕ್ಷ್ಮಣಸ್ವಾಮಿ ಮುದಲಿಯಾರರು ೧೯೬೧ರಲ್ಲಿ ದೆಹಲಿಯಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಗೆ ಅಧ್ಯಕ್ಷರಾದರು. ಜನರು ಆರಿಸಿದ ಸರಕಾರವೇ ಇಲ್ಲದಿದ್ದ ಭಾರತಕ್ಕೆ ೧೯೪೫ರಲ್ಲಿ ಮಣೆ ದೊರೆತದ್ದು ಸರಿಯಾದರೆ, ಜನರು ಆರಿಸಿದ ಸರಕಾರವಿರುವ ತೈವಾನಿಗೆ ಇಂದು ದೊರೆಯದಿರುವುದು ಯಾವ ಲೆಕ್ಕ?

ಇನ್ನೊಂದು ವಿಪರ್ಯಾಸವನ್ನೂ ಹೇಳಿಬಿಡುವುದು ಒಳ್ಳೆಯದು. ಜಗತ್ತಿಗೆಲ್ಲ ಒಂದು ಆರೋಗ್ಯ ಸಂಸ್ಥೆ ಬೇಕೆಂದು ೧೯೪೫ರಲ್ಲಿ ಸಾನ್‌ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ಬ್ರೆಜಿಲಿನ ಪ್ರತಿನಿಧಿಯೊಂದಿಗೆ ಸೇರಿ ಪಟ್ಟು ಹಿಡಿದವರು ಅಂದಿನ ಚೀನ ಗಣರಾಜ್ಯದ ವೈದ್ಯ ಸ್ಜೆಮಿಂಗ್ ಸ್ಜೆ. ತೈವಾನಿನ ಸರಕಾರಕ್ಕೆ ಇಂದಿಗೂ ಇರುವ ಅಧಿಕೃತ ಹೆಸರು ಅದೇ. ಮನೆಗೆ ಅಡಿಗಲ್ಲು ಇಟ್ಟ ಹೆಸರಿಗೆ ಮನೆಯೊಳಗೆ ಜಾಗವಿಲ್ಲ! ಸಂಸ್ಥೆಯ ಸಂವಿಧಾನದ ಪೀಠಿಕೆಯಲ್ಲಿಯೇ ಜನಾಂಗ, ಧರ್ಮ, ರಾಜಕೀಯ ನಂಬಿಕೆ, ಸ್ಥಿತಿಗತಿ ಯಾವುದನ್ನೂ ಎಣಿಸದೆ ಆರೋಗ್ಯವನ್ನು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಒಪ್ಪಲಾಗಿದೆ. ೧೯೪೮ರ ಏಪ್ರಿಲ್ ೭ರಿಂದ ಜಾರಿಯಲ್ಲಿರುವ ಆ ಮಾತನ್ನು ಪಾಲಿಸಿರಿ ಎಂದಷ್ಟೇ ನಾವು ಕೇಳುವುದು.

ನಮ್ಮ ಬೇಡಿಕೆಗಳು ಮೂರು. ವಿಶ್ವ ಆರೋಗ್ಯ ಸಭೆಗೆ ತೈವಾನನ್ನು ವೀಕ್ಷಕನಾಗಿ ಕರೆಯಬೇಕೆಂದು ಭಾರತ ಬಾಯಿಬಿಟ್ಟು ಹೇಳಬೇಕು. ಎಂಟು ವರ್ಷ ನಡೆದ ಏರ್ಪಾಡಿಗೆ ಹೊಸ ಕಾಯಿದೆ ಬೇಕಿಲ್ಲ. ರೋಗ, ಲಸಿಕೆ, ಔಷಧಿಗಳನ್ನು ಕುರಿತ ಸಂಸ್ಥೆಯ ತಜ್ಞ ಸಭೆಗಳಿಗೆಲ್ಲ ತೈವಾನಿನ ವೈದ್ಯರಿಗೆ ಪ್ರವೇಶವಿರಬೇಕು. ರೋಗದ ಸುದ್ದಿ ಅಲ್ಲಿಗೂ ಅಲ್ಲಿಂದಲೂ ನೇರವಾಗಿ ಹರಿಯಬೇಕು. ತೈವಾನ್ ಪೂರ್ಣ ಸದಸ್ಯತ್ವ ಕೋರಿದಾಗ ಅದನ್ನು ಕಾರ್ಯಕಲಾಪದ ಪಟ್ಟಿಯ ಮರೆಯಲ್ಲಿ ಕೊಲ್ಲದೆ ಬಹಿರಂಗವಾಗಿ ಮತಕ್ಕೆ ಹಾಕಬೇಕು. ೧೯೫೦ರಲ್ಲಿ ಬೀಜಿಂಗಿನ ಪರವಾಗಿ ಎತ್ತಿದ ಕೈಯನ್ನು ಭಾರತ ಅದೇ ತತ್ವಕ್ಕಾಗಿ ಇನ್ನೊಮ್ಮೆ ಎತ್ತಬೇಕು.

ಗಿರಣಿ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಗಳಲ್ಲಿ ಈ ಮೂರು ಮಾತುಗಳ ಒಂದು ನಿರ್ಣಯ ಮಾಡಿ ತಮ್ಮ ಲೋಕಸಭಾ ಸದಸ್ಯರಿಗೆ ಕಳುಹಿಸಲಿ. ಒಂದು ಪತ್ರದಿಂದ ಏನಾದೀತು ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ. ೧೬ ಮತಗಳಿಂದ ಆರಂಭವಾದದ್ದು ೭೬ ಮತಗಳಿಗೆ ಮುಟ್ಟಲು ಇಪ್ಪತ್ತೊಂದು ವರ್ಷ ಹಿಡಿಯಿತು. ಮುಂದಿನ ರೋಗ ಅಷ್ಟು ದಿನ ಕಾಯುವುದಿಲ್ಲವೆಂಬುದನ್ನು ಮಾತ್ರ ನಾವು ಮರೆಯದಿರೋಣ.